ದೋಣಿಯ ತಳಕ್ಕೆ ಬಣ್ಣ: ಯಾವ ಪೇಂಟಿಗೆ ಯಾವ ತಿನ್ನರ್, ಎಷ್ಟು

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಎಲ್ಲೆಡೆ ಬೋಟುಗಳು ದಡ ಹತ್ತಿ, ತಳ ಕೆರೆಸಿಕೊಂಡು ಬಣ್ಣ ಹಚ್ಚಿಸಿಕೊಳ್ಳುವುದು ಹೆಚ್ಚಾಗಿ ಈ 61 ದಿನಗಳಲ್ಲೇ. ಬಣ್ಣದ ಕೆಲಸಕ್ಕೆ ವರ್ಷದಲ್ಲಿ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಬೇರೆ ಕಾಲದಲ್ಲಿ ಬೋಟಿಗೆ ಪುರುಸೊತ್ತಿಲ್ಲ. ಇಂಥ ಹವೆಯಲ್ಲಿ ದುಬಾರಿ ಪೇಂಟ್ ತಂದು, ತಿನ್ನರ್ ಮಾತ್ರ ‘ಯಾವುದಾದರೂ ಒಂದು ಕೊಡಿ’ ಎಂದು ಕೇಳಿದರೆ, ಆಗಸ್ಟ್‌ನಲ್ಲಿ ನೀರಿಗಿಳಿದ ಬೋಟು ದೀಪಾವಳಿ ಹೊತ್ತಿಗೆ ಸಿಪ್ಪೆ ಬಿಡುತ್ತದೆ.

ತಿನ್ನರ್ ಎಂದರೆ ಬಂದ ಕೆಲಸ ಮುಗಿಸಿ ಹೊರಟುಹೋಗಬೇಕಾದ ನೆಂಟ. ಪೇಂಟನ್ನು ಬ್ರಶ್‌ನಿಂದ ತಳಕ್ಕೆ ದಾಟಿಸಬೇಕು, ಬ್ರಶ್ಶಿನ ಗೆರೆ ಕೂಡಿಕೊಳ್ಳುವಷ್ಟು ಹೊತ್ತು ಇರಬೇಕು, ಆಮೇಲೆ ಒಂದು ತೊಟ್ಟೂ ಉಳಿಯದೆ ಆವಿಯಾಗಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ: ಈ ಪೇಂಟಿನಲ್ಲಿರುವ ರಾಳವನ್ನು, ಅಂದರೆ ಒಣಗಿ ಪೊರೆಯಾಗುವ ಅಂಶವನ್ನು, ಇದು ಕರಗಿಸುತ್ತದೆಯೇ, ಮತ್ತು ಇಂದಿನ ಹವೆಗೆ ತಕ್ಕ ವೇಗದಲ್ಲಿ ಇದು ಹೊರಡುತ್ತದೆಯೇ. ದೋಣಿ ಮರದ್ದೇ, ಕಬ್ಬಿಣದ್ದೇ, ಫೈಬರಿನದೇ ಎನ್ನುವುದನ್ನು ನೋಡಿ ಪೇಂಟ್ ಆರಿಸುತ್ತೇವೆ. ತಿನ್ನರ್ ಆರಿಸುವುದು ಪೇಂಟಿನ ರಾಳ ನೋಡಿ.

ರಾಳಕ್ಕೆ ತಕ್ಕ ತಿನ್ನರ್

ಸಿಂಥೆಟಿಕ್ ಎನಾಮಲ್, ರೆಡ್ ಆಕ್ಸೈಡ್ ಪ್ರೈಮರ್, ಮರದ ಪ್ರೈಮರ್: ಇವೆಲ್ಲ ಆಲ್ಕಿಡ್ ರಾಳದವು, ಒಂದೇ ಡಬ್ಬಿಯವು. ಇವಕ್ಕೆ ಅಂಗಡಿಯಲ್ಲಿ ಟರ್ಪಂಟೈನ್ ಎಂದು ಕೊಡುವ ಮಿನರಲ್ ಟರ್ಪಂಟೈನ್ ಸಾಕು. ಅದು ಸುಮಾರು 145ರಿಂದ 205 ಡಿಗ್ರಿ ನಡುವೆ ಕುದಿಯುವ ಪೆಟ್ರೋಲಿಯಂ ದ್ರಾವಕ. ನಿಧಾನವಾಗಿ ಹೊರಡುತ್ತದೆ, ಬ್ರಶ್ ಕೆಲಸಕ್ಕೆ ಅದೇ ಬೇಕು. ಹೊಸ ಮರಕ್ಕೆ ಮೊದಲ ಕೋಟು ಪ್ರೈಮರನ್ನು 10ರಿಂದ 15 ಶೇಕಡಾ ತೆಳುಮಾಡಿದರೆ ನಾರಿನೊಳಗೆ ಇಳಿದು ಹಿಡಿಯುತ್ತದೆ. ಎರಡನೆಯ ಕೋಟಿಗೆ 5 ಶೇಕಡಾ ದಾಟಬೇಡಿ. ಆಲ್ಕಿಡ್ ಪೇಂಟು ನೀರಿನ ಗೆರೆಯ ಮೇಲಿನ ಭಾಗಕ್ಕೆ ಮಾತ್ರ. ಸದಾ ಮುಳುಗಿರುವ ತಳಕ್ಕೆ ಅದು ತಾಳುವುದಿಲ್ಲ, ಮೆತ್ತಗಾಗಿ ಗುಳ್ಳೆ ಏಳುತ್ತದೆ. ಸರಿಯಾದ ತಿನ್ನರ್ ಹಾಕಿದರೂ ಆ ತಪ್ಪು ತಿದ್ದುವುದಿಲ್ಲ.

ಟರ್ಪಂಟೈನ್ ಬದಲು ಸೀಮೆಎಣ್ಣೆ ಹಾಕುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಸೀಮೆಎಣ್ಣೆಯಲ್ಲಿರುವ ಭಾರದ ಅಂಶ ವಾರವಾದರೂ ಹೊರಡುವುದಿಲ್ಲ. ಬಣ್ಣ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಹೊಳಪು ಸಾಯುತ್ತದೆ, ಮುಂದಿನ ಕೋಟು ಅಲ್ಲಲ್ಲಿ ಕಣ್ಣು ಬಿಟ್ಟಂತೆ ಸರಿದು ನಿಲ್ಲುತ್ತದೆ. ಪೆಟ್ರೋಲ್ ಇನ್ನೊಂದು ತುದಿ: ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಅದರ ಆವಿಗೆ ಕಿಡಿ ಹತ್ತುತ್ತದೆ. ಅದನ್ನು ಬಣ್ಣದ ಹತ್ತಿರ ತರಲೇಬೇಡಿ.

ಎಪಾಕ್ಸಿ: ಕಬ್ಬಿಣದ ಬೋಟಿನ ತಳಕ್ಕೂ ಫೈಬರಿನ ತಳಕ್ಕೂ ಇಂದು ಆಧಾರ ಇದೇ. ಬೇಸ್ ಒಂದು ಡಬ್ಬಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಇನ್ನೊಂದು. ಇದರ ತಿನ್ನರ್ ಸಾಮಾನ್ಯವಾಗಿ ಕ್ಸೈಲೀನ್ ಮತ್ತು ಬ್ಯುಟನಾಲ್ ಮಿಶ್ರಣ. ಬರೀ ಟರ್ಪಂಟೈನ್ ಎಪಾಕ್ಸಿಯನ್ನು ಕರಗಿಸುವುದಿಲ್ಲ. ಮಜ್ಜಿಗೆ ಒಡೆದ ಹಾಗೆ ಕಣಕಣವಾಗುತ್ತದೆ, ಇಲ್ಲವೇ ಬಳಿದ ಮೇಲೆ ಬೇರೆ ಬೇರೆ ಪದರವಾಗಿ ಒಣಗುತ್ತದೆ. ಕಬ್ಬಿಣದ ಬೋಟಿನಲ್ಲಿ ಎರಡನೆಯದೇ ಹೆಚ್ಚು ಅಪಾಯ. ಹೊರಗಿನಿಂದ ಏನೂ ಗೊತ್ತಾಗದು, ತುಕ್ಕು ಒಳಗಿನಿಂದ ಏಳುತ್ತದೆ.

ಪಿ.ಯು., ಅಂದರೆ ಎರಡು ಡಬ್ಬಿಯ ಪಾಲಿಯುರೆಥೇನ್: ಮೇಲ್ಬದಿಗೆ ಹೊಳಪಿನ ಕೊನೆಯ ಕೋಟು. ತಿನ್ನರ್ ವಿಷಯದಲ್ಲಿ ಇಷ್ಟು ಮುನಿಸಿನ ಪೇಂಟು ಇನ್ನೊಂದಿಲ್ಲ. ಇದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದಕ್ಕೆ ನೀರು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಸೂಜಿಮೊನೆಯಷ್ಟು ಗುಳ್ಳೆ ಎಬ್ಬಿಸುತ್ತದೆ. ಆಲ್ಕೊಹಾಲ್ ಸಿಕ್ಕರೆ ರಾಳವನ್ನು ಬಿಟ್ಟು ಅದರ ಜೊತೆ ಕೂಡಿಕೊಳ್ಳುತ್ತದೆ, ಬಣ್ಣ ಗಟ್ಟಿಯಾಗುವುದೇ ಇಲ್ಲ. ಎಪಾಕ್ಸಿ ತಿನ್ನರ್‌ನಲ್ಲಿ ಬ್ಯುಟನಾಲ್ ಇದೆ, ಮರದ ಲ್ಯಾಕರಿಗೆ ಬಳಸುವ ಎನ್.ಸಿ. (ನೈಟ್ರೋಸೆಲ್ಯುಲೋಸ್) ತಿನ್ನರ್‌ನಲ್ಲೂ ಸಾಮಾನ್ಯವಾಗಿ ಆಲ್ಕೊಹಾಲ್ ಇದೆ. ಬ್ಯುಟನಾಲ್ ಕೂಡ ಆಲ್ಕೊಹಾಲೇ. ‘ಎಪಾಕ್ಸಿಗೆ ತಂದದ್ದು ಉಳಿದಿದೆ, ಪಿ.ಯು.ಗೂ ಹಾಕೋಣ’ ಎಂದಲ್ಲೇ ಹೆಚ್ಚಿನ ಕೆಲಸ ಕೆಡುವುದು. ಪಿ.ಯು.ಗೆ ಅಸಿಟೇಟ್ ಮತ್ತು ಕ್ಸೈಲೀನ್ ಆಧಾರದ, ನೀರು ತೆಗೆದ ತಿನ್ನರ್ ಬೇಕು. ಸೀಲು ಒಡೆಯದ ಡಬ್ಬಿಯೇ ಬೇಕು. ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿ ಇಟ್ಟ ಅರ್ಧ ಡಬ್ಬಿ ಗಾಳಿಯ ತೇವ ಹೀರಿರುತ್ತದೆ. ಅದನ್ನು ಬ್ರಶ್ ತೊಳೆಯಲು ಬಳಸಿ, ಬೆರೆಸಲು ಬೇಡ.

ಕ್ಲೋರಿನೇಟೆಡ್ ರಬ್ಬರ್ ಪೇಂಟು ಹಳೆಯ ಕಬ್ಬಿಣದ ಬೋಟುಗಳ ಮೇಲೆ ಈಗಲೂ ಸಿಗುತ್ತದೆ. ಇದಕ್ಕೆ ಕ್ಸೈಲೀನ್ ಬಗೆಯ ತಿನ್ನರ್. ಡಾಂಬರು ಬಣ್ಣಕ್ಕೆ ಟರ್ಪಂಟೈನ್. ಆದರೆ ಡಾಂಬರಿನ ಮೇಲೆ ಬೇರೆ ಬಣ್ಣ ಹಚ್ಚಿದರೆ ಅದರ ತಿನ್ನರ್ ಡಾಂಬರನ್ನು ಕರಗಿಸಿ ಕಂದು ಕಲೆಯನ್ನು ಮೇಲಕ್ಕೆಳೆಯುತ್ತದೆ. ಎಷ್ಟು ಕೋಟು ಕೊಟ್ಟರೂ ಆ ಕಲೆ ನಿಲ್ಲದು. ಕೆರೆದು ತೆಗೆಯುವುದೇ ದಾರಿ.

ಆಂಟಿಫೌಲಿಂಗ್, ಚಿಪ್ಪು ಹಿಡಿಯದಂತೆ ತಳಕ್ಕೆ ಕೊನೆಯಲ್ಲಿ ಹಚ್ಚುವುದು: ತಾಮ್ರದ ಆಕ್ಸೈಡ್ ತುಂಬಿದ ಭಾರದ ಬಣ್ಣ. ಡಬ್ಬಿ ಎತ್ತಿದರೇ ತೂಕ ಗೊತ್ತಾಗುತ್ತದೆ. ತಯಾರಕರನ್ನು ನೋಡಿಕೊಂಡು ಕ್ಸೈಲೀನ್ ಬಗೆಯ ಅಥವಾ ಟರ್ಪಂಟೈನ್ ಬಗೆಯ ತಿನ್ನರ್ ಇರುತ್ತದೆ. ಬಹಳ ಸಲ ತೆಳು ಮಾಡುವ ಅಗತ್ಯವೇ ಇರುವುದಿಲ್ಲ. ಡಬ್ಬಿ ತೆರೆದಾಗ ಗಟ್ಟಿ ಕಂಡರೆ ಅದು ತಾಮ್ರ ತಳಕ್ಕಿಳಿದಿರುವುದು. ತಿನ್ನರ್ ಸುರಿಯುವ ಮೊದಲು ಡ್ರಿಲ್ ಮೆಷಿನಿಗೆ ಕಲಕುವ ಕಡ್ಡಿ ಹಾಕಿ ಐದು ನಿಮಿಷ ತಳದಿಂದ ಎತ್ತಿ ಕಲಕಿ, ಆಗ ಸಾಮಾನ್ಯವಾಗಿ ಸರಿಹೋಗುತ್ತದೆ. ಆಂಟಿಫೌಲಿಂಗ್ ದಪ್ಪ ಇದ್ದಷ್ಟೇ ದಿನ ಬಾಳುತ್ತದೆ. ಅದಕ್ಕೆ ಸುರಿದ ಪ್ರತಿ ಲೀಟರ್ ತಿನ್ನರ್ ಬೋಟಿನ ತಳದಲ್ಲಿ ಚಿಪ್ಪಿಗೆ ಕೊಟ್ಟ ಜಾಗ. ಅಲ್ಯೂಮಿನಿಯಂ ತಳಕ್ಕೆ ಈ ತಾಮ್ರದ ಬಣ್ಣ ಸಲ್ಲ, ಲೋಹವನ್ನೇ ತಿಂದುಹಾಕುತ್ತದೆ.

ಫೈಬರ್ ನಾಡದೋಣಿಯ ಜೆಲ್‌ಕೋಟು, ಅಂದರೆ ಫೈಬರಿನ ಹೊರಮೈಯ ರಾಳದ ಪದರ, ಬೇರೆಯೇ ಜಾತಿ. ಅದನ್ನು ತೆಳುಮಾಡಲು ಅಸಿಟೋನ್ ಹಾಕಬಾರದು. ಅಸಿಟೋನ್ ಉಪಕರಣ ತೊಳೆಯಲು ಮಾತ್ರ. ತೀರಾ ಬೇಕಿದ್ದರೆ ತಯಾರಕರು ಹೇಳಿದಷ್ಟು ಸ್ಟೈರೀನ್, ಅಷ್ಟೇ. ಇನ್ನೊಂದು ಮಾತು, ತಿನ್ನರ್‌ಗೆ ಸೇರಿದ್ದಲ್ಲವಾದರೂ ಜೀವಕ್ಕೆ ಸೇರಿದ್ದು: ಜೆಲ್‌ಕೋಟಿಗೆ ಹಾಕುವ ಪೆರಾಕ್ಸೈಡ್ ಕೆಟಲಿಸ್ಟನ್ನೂ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನೂ ನೇರವಾಗಿ ಒಂದರೊಡನೊಂದು ಬೆರೆಸಿದರೆ ಸ್ಫೋಟವಾಗಬಹುದು. ಒಂದನ್ನು ರಾಳದಲ್ಲಿ ಪೂರ್ತಿ ಕಲಕಿದ ಮೇಲೆಯೇ ಇನ್ನೊಂದು.

ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಒಂದೇ ಕೆಲಸ ಮಾಡಿ: ಪೇಂಟ್ ಡಬ್ಬಿಯ ಮೇಲೆ ಅಥವಾ ಅದರ ಮಾಹಿತಿ ಹಾಳೆಯಲ್ಲಿ ತಿನ್ನರ್ ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನೇ ಕೇಳಿ ತನ್ನಿ. ಉದಾಹರಣೆಗೆ ಜೋಟನ್ ಕಂಪನಿಯಲ್ಲಿ ಸಾಮಾನ್ಯವಾಗಿ ಆಲ್ಕಿಡ್‌ಗೆ 2, ಆಂಟಿಫೌಲಿಂಗ್‌ಗೆ 7, ಪಿ.ಯು.ಗೆ 10, ಎಪಾಕ್ಸಿಗೆ 17. ಬೇರೆ ಕಂಪನಿಯ ಲೆಕ್ಕ ಬೇರೆ. ಡಬ್ಬಿಯ ಮೇಲೆ ಬರೀ ‘ತಿನ್ನರ್’ ಎಂದಿದ್ದು, ಯಾವ ಬಗೆ ಎಂದು ಇಲ್ಲದ್ದು ಸಾಮಾನ್ಯವಾಗಿ ಎನ್.ಸಿ. ತಿನ್ನರ್. ಅದು ಮರದ ಸಾಮಾನಿಗೆ ಲ್ಯಾಕರ್ ಹೊಡೆಯುವವರದ್ದು. ದೋಣಿಯ ತಳದಲ್ಲಿ ಅದಕ್ಕೆ ಕೆಲಸವಿಲ್ಲ.

ಮಳೆಗಾಲದಲ್ಲಿ ವೇಗದ ತಿನ್ನರ್ ಏಕೆ ಬೇಡ

ತಂಡಿ ಹವೆ, ಬೇಗ ಒಣಗಲಿ, ಎಂದು ಎನ್.ಸಿ. ತಿನ್ನರನ್ನೋ ಅಸಿಟೋನನ್ನೋ ಸುರಿಯುವುದು ಬೋಟು ದಡಕ್ಕೆಳೆಯುವ ಸ್ಲಿಪ್‌ವೇಯಲ್ಲಿ ದಿನನಿತ್ಯ ಕಾಣುವ ದೃಶ್ಯ. ಲೆಕ್ಕ ತಿರುಗುಮುರುಗು. ಗಾಳಿಯಲ್ಲಿ ನೀರಾವಿ ತುಂಬಿದ್ದರೆ ಬಟ್ಟೆ ಒಣಗುವುದಿಲ್ಲ, ನಿಜ. ಆದರೆ ಕ್ಸೈಲೀನ್, ಟರ್ಪಂಟೈನ್ ಆವಿಯಾಗಲು ನೀರಾವಿ ಅಷ್ಟಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ತಂಪು ಮತ್ತು ಗಾಳಿಯಾಟ ಇಲ್ಲದಿರುವುದು.

ಬ್ಯುಟೈಲ್ ಅಸಿಟೇಟ್ ಆವಿಯಾಗುವ ವೇಗವನ್ನು 1 ಎಂದಿಟ್ಟುಕೊಂಡರೆ, ಅಸಿಟೋನಿನದು ಸುಮಾರು 6, ಟೊಲ್ಯೂನಿನದು 2, ಕ್ಸೈಲೀನಿನದು 0.7, ಟರ್ಪಂಟೈನಿನದು 0.1ರ ಆಸುಪಾಸು. ಬೇಗ ಹೊರಡುವ ದ್ರವ ಬಣ್ಣದ ಮೇಲ್ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಅಂಗೈ ಮೇಲೆ ಸ್ಪಿರಿಟ್ ಹಾಕಿದಾಗ ತಣ್ಣಗಾಗುವುದು ಇದಕ್ಕೇ. ತಂಪಾದ ಹಸಿ ಬಣ್ಣದ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಪಿ.ಯು. ಬಿಳಿಚಿಕೊಳ್ಳುತ್ತದೆ, ಹೊಳಪು ಮಂಕಾಗುತ್ತದೆ, ಎಪಾಕ್ಸಿಯ ಹಿಡಿತ ಸಡಿಲುತ್ತದೆ. ಬೇಗ ಒಣಗಲೆಂದು ಹಾಕಿದ್ದು ಬಣ್ಣಕ್ಕೆ ನೀರು ಕರೆದು ತಂದಂತಾಯಿತು.

ಎಷ್ಟು ತೇವ ಇದ್ದರೆ ನಿಲ್ಲಿಸಬೇಕು? ಸಾಮಾನ್ಯ ನಿಯಮ: ಸಾಪೇಕ್ಷ ಆರ್ದ್ರತೆ 85 ಶೇಕಡಾ ಮೀರಬಾರದು, ತಳದ ಮೈ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಕೂರುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಗಾಳಿ 30 ಡಿಗ್ರಿ, ಆರ್ದ್ರತೆ 85 ಶೇಕಡಾ ಇದ್ದರೆ ಇಬ್ಬನಿ ಬಿಂದು 27.2 ಡಿಗ್ರಿ, ತಳ 30.2 ಡಿಗ್ರಿಯಾದರೂ ಇರಬೇಕು. ಗಾಳಿ 28 ಡಿಗ್ರಿ, ಆರ್ದ್ರತೆ 90 ಆದರೆ ಇಬ್ಬನಿ ಬಿಂದು 26.2, ತಳ 29.2 ಆಗಬೇಕು, ಅಂದರೆ ಗಾಳಿಗಿಂತ ತಳವೇ ಬೆಚ್ಚಗಿರಬೇಕು. ಬಿಸಿಲಿಲ್ಲದ ಜುಲೈಯಲ್ಲಿ ಅದು ಆಗದ ಮಾತು. ಆರ್ದ್ರತೆ ತೋರಿಸುವ ಸಣ್ಣ ಡಿಜಿಟಲ್ ಮಾಪಕವೂ ಮೈಯ ಉಷ್ಣತೆ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರೂ ಒಂದು ಡಬ್ಬಿ ಪಿ.ಯು.ಗಿಂತ ಅಗ್ಗ. ಅವೂ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ತಳದ ಮೇಲೆ ಅಂಗೈಯಗಲ ಒರೆಸಿ. ಹದಿನೈದು ನಿಮಿಷದಲ್ಲಿ ಆ ಕಲೆ ಆರದಿದ್ದರೆ ಅಂದು ಬ್ರಶ್ ಮುಟ್ಟಬೇಡಿ.

ಮಳೆ ಬಿಡುವು ಕೊಟ್ಟ ದಿನ ಬೆಳಿಗ್ಗೆ ಹತ್ತರಿಂದ ಮೂರೂವರೆಯೊಳಗೆ ಕೋಟು ಮುಗಿಸಿ. ಸಂಜೆ ಹಚ್ಚಿದ್ದು ಇಬ್ಬನಿಗೆ ಸಿಕ್ಕುತ್ತದೆ. ಟಾರ್ಪಾಲಿನ್ ಕಟ್ಟಿದ್ದರೆ ಒಳಗೆ ಗಾಳಿಯಾಡಬೇಕು. ತಿನ್ನರಿನ ಆವಿ ಗಾಳಿಗಿಂತ ಭಾರ, ಪಠಾಣಿಯ (ತಳದ ನಡುದಿಮ್ಮಿಯ) ಸುತ್ತ ನೆಲದಲ್ಲೇ ನಿಂತುಬಿಡುತ್ತದೆ. ಹಾಗೆ ನಿಂತರೆ ಕೆಳಭಾಗದ ಬಣ್ಣ ಎರಡು ದಿನವಾದರೂ ಒಣಗದು. ಫ್ಯಾನನ್ನು ಹೊರಗಿಟ್ಟು ಒಳಕ್ಕೆ ಹೊಸ ಗಾಳಿ ಊದಿಸಿ. ಆವಿಯ ನಡುವೆ ಫ್ಯಾನ್ ಇಟ್ಟರೆ ಅದರ ಕಿಡಿಯೇ ಸಾಕು.

ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ ತೊಂದರೆ ಉಲ್ಟಾ. ಬಿಸಿಯಾದ ಕಬ್ಬಿಣದ ಮೇಲೆ ಬಣ್ಣ ಬ್ರಶ್ಶಿಗೇ ಎಳೆದುಕೊಳ್ಳುತ್ತದೆ, ರೋಲರ್ ಗುರುತು ಕಿತ್ತಳೆ ಸಿಪ್ಪೆಯಂತೆ ಉಳಿಯುತ್ತದೆ. ಆಗ ಅದೇ ಕಂಪನಿಯ ನಿಧಾನದ ತಿನ್ನರ್ ಕೇಳಿ, ಪ್ರಮಾಣ ಹೆಚ್ಚಿಸಬೇಡಿ. ಅದಕ್ಕಿಂತ ಸುಲಭದ್ದು, ನೆರಳಿರುವ ಬದಿಯಿಂದ ಶುರುಮಾಡುವುದು.

ಎಷ್ಟು ಬೆರೆಸಬೇಕು

ಹೊಸ ಮರದ ಮೊದಲ ಕೋಟು ಬಿಟ್ಟರೆ, ಬ್ರಶ್ಶಿಗೆ, ರೋಲರಿಗೆ 5 ಶೇಕಡಾ ಒಳಗೆ. ಸಾಮಾನ್ಯ ಸ್ಪ್ರೇ ಗನ್ನಿಗೆ 10ರಿಂದ 20. ಗಾಳಿ ಬೆರೆಸದೆ ಒತ್ತಡದಿಂದಲೇ ಸಿಂಪಡಿಸುವ ಏರ್‌ಲೆಸ್‌ಗೆ 0ರಿಂದ 5. ಇದು ಅಂದಾಜು, ಡಬ್ಬಿಯ ಮೇಲೆ ಇರುವುದೇ ಅಂತಿಮ. 4 ಲೀಟರ್ ಮಿಶ್ರಣಕ್ಕೆ 5 ಶೇಕಡಾ ಎಂದರೆ 200 ಮಿ.ಲೀ., ಒಂದು ಟೀ ಲೋಟಕ್ಕಿಂತ ತುಸು ಹೆಚ್ಚು. ‘ಒಂದು ಸುರಿ’ ಎನ್ನುವ ಅಳತೆ ಅರ್ಧ ಲೀಟರ್ ದಾಟಿರುತ್ತದೆ.

ಹೆಚ್ಚು ಸುರಿದರೆ ಏನಾಗುತ್ತದೆ ಎನ್ನುವುದಕ್ಕೆ ಲೆಕ್ಕವೇ ಸಾಕ್ಷಿ. ಪೇಂಟಿನ ಘನಾಂಶ (ಒಣಗಿದ ಮೇಲೆ ಉಳಿಯುವ ಪಾಲು) 60 ಶೇಕಡಾ, ಒಣಗಿದ ಮೇಲೆ ಬೇಕಾದ ದಪ್ಪ 100 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಎಂದಿಟ್ಟುಕೊಳ್ಳಿ. ತಿನ್ನರ್ ಇಲ್ಲದೆ ಹಸಿ ದಪ್ಪ 167 ಮೈಕ್ರಾನ್ ಹಚ್ಚಬೇಕು. 5 ಶೇಕಡಾ ಬೆರೆಸಿದರೆ 175. 20 ಬೆರೆಸಿದರೆ 200. ಬಣ್ಣ ಹಚ್ಚುವವರ ಕೈ ಮಾತ್ರ ಹಳೆಯ ಅಂದಾಜಿನಲ್ಲೇ ಓಡುತ್ತದೆ. 167ರಷ್ಟೇ ಹಚ್ಚಿದರೆ ಒಣಗಿ ಉಳಿಯುವುದು 83 ಮೈಕ್ರಾನ್. ಎರಡು ಕೋಟಿಗೆ 33 ಮೈಕ್ರಾನ್ ಖೋತಾ. 200 ಹಚ್ಚಲು ಹೋದರೆ ನೀರಾದ ಬಣ್ಣ ಜಾರಿ ಪರದೆಯಂತೆ ಇಳಿಯುತ್ತದೆ. ಹಸಿ ದಪ್ಪ ಅಳೆಯುವ ಬಾಚಣಿಗೆಯಂಥ ತಗಡು ಗೇಜು ಬಣ್ಣದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಜೇಬಿನಲ್ಲಿರಲಿ.

ಕೊಳ್ಳುವ ಪ್ರಮಾಣ ಹೀಗೆ ಲೆಕ್ಕ ಹಾಕಿ. ಹೊಟ್ಟೆ ತುಂಬಿದ ಆಕಾರದ ಟ್ರಾಲ್ ಬೋಟಿನ ಮುಳುಗುವ ಭಾಗದ ವಿಸ್ತೀರ್ಣ ಸುಮಾರಾಗಿ ನೀರಿನ ಗೆರೆಯ ಉದ್ದವನ್ನು ಅಗಲ ಮತ್ತು ಮುಳುಗುವ ಆಳದ ಮೊತ್ತದಿಂದ ಗುಣಿಸಿದಷ್ಟು. ಉದ್ದ 12 ಮೀಟರ್, ಅಗಲ 4, ಆಳ 1.5 ಆದರೆ 66 ಚದರ ಮೀಟರ್. ಆಂಟಿಫೌಲಿಂಗ್‌ನ ಘನಾಂಶ 50 ಶೇಕಡಾ, ಕೋಟೊಂದಕ್ಕೆ ಒಣ ದಪ್ಪ 75 ಮೈಕ್ರಾನ್ ಎಂದರೆ ಲೀಟರಿಗೆ 6.7 ಚದರ ಮೀಟರ್. ಐದರಲ್ಲೊಂದು ಭಾಗ ರೋಲರಿಗೂ ನೆಲಕ್ಕೂ ಹೋಗಿ ಕೈಗೆ ಸಿಗುವುದು 5.3. ಎರಡು ಕೋಟಿಗೆ 25 ಲೀಟರ್ ಪೇಂಟ್. ಬೆರೆಸಲು ತಿನ್ನರ್ ಒಂದೂಕಾಲು ಲೀಟರ್ ಸಾಕು, ತೊಳೆಯಲು ನಾಲ್ಕೈದು ಲೀಟರ್ ಬೇರೆ. ತೊಳೆಯುವುದಕ್ಕೆ ಅಗ್ಗದ್ದು ತಂದರೂ ನಡೆಯುತ್ತದೆ. ಎರಡು ಡಬ್ಬಿಗೂ ದೊಡ್ಡ ಅಕ್ಷರದಲ್ಲಿ ಗುರುತು ಹಾಕಿ ಬೇರೆ ಬೇರೆ ಕಡೆ ಇಡಿ.

ಎರಡು ಡಬ್ಬಿಯ ಪೇಂಟಿನಲ್ಲಿ ಅನುಕ್ರಮ ತಪ್ಪಬಾರದು. ಮೊದಲು ಬೇಸನ್ನು ಒಂಟಿಯಾಗಿ ಕಲಕಿ. ಹಾರ್ಡನರನ್ನು ಡಬ್ಬಿಯ ಮೇಲಿನ ಅನುಪಾತದಲ್ಲಿ ಅಳೆದು ಹಾಕಿ ಮತ್ತೆ ಕಲಕಿ, ಅಂಚು ತಳ ಎಲ್ಲ ಕೆರೆದು. ತಿನ್ನರ್ ಕೊನೆಗೆ, ಸ್ವಲ್ಪ ಸ್ವಲ್ಪವಾಗಿ. ಬೇಸಿಗೆ ಮೊದಲೇ ತಿನ್ನರ್ ಹಾಕಿಟ್ಟರೆ ಮಿಶ್ರಣ ತೆಳುವಾಗಿ ಕಂಡು ಹಾರ್ಡನರ್ ಸರಿಯಾಗಿ ಕೂಡಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಮಿಶ್ರಣದ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಬೆರೆಸಿ. ಗಟ್ಟಿಯಾಗತೊಡಗಿದ ಎಪಾಕ್ಸಿಗೆ ತಿನ್ನರ್ ಹಾಕಿದರೆ ಅದು ತೆಳುವಾದಂತೆ ಕಾಣುತ್ತದೆ ಅಷ್ಟೇ. ರಾಳ ಆಗಲೇ ತನ್ನೊಳಗೆ ಹೆಣೆದುಕೊಂಡಿರುತ್ತದೆ, ಕಬ್ಬಿಣವನ್ನು ಹಿಡಿಯಲು ಅದಕ್ಕೆ ಕೈ ಉಳಿದಿರುವುದಿಲ್ಲ. ಎಸೆಯಿರಿ.

ಹಳೆಯ ಬಣ್ಣದ ಮೇಲೆ ಹಚ್ಚುವ ಮುಂಚೆ

ಹೊಸ ಬಣ್ಣದ ತಿನ್ನರ್ ಕೆಳಗಿನ ಹಳೆಯ ಬಣ್ಣಕ್ಕೂ ತಾಗುತ್ತದೆ. ಆಲ್ಕಿಡ್ ಮೇಲೆ ಎಪಾಕ್ಸಿ ಹಚ್ಚಿದರೆ ಕ್ಸೈಲೀನ್ ತಾಗಿ ಹಳೆಯ ಕೋಟು ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುತ್ತದೆ. ಬೋಟು ಕೈ ಬದಲಾಗಿ ಬಂದದ್ದಾದರೆ ಕೆಳಗೇನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು. ಹತ್ತಿ ಬಟ್ಟೆಗೆ ಕ್ಸೈಲೀನ್ ಅದ್ದಿ ಹಳೆಯ ಬಣ್ಣದ ಮೇಲೆ ಹತ್ತು ನಿಮಿಷ ಅಂಟಿಸಿಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಕ್ಲೋರಿನೇಟೆಡ್ ರಬ್ಬರಿನಂಥದ್ದು ಅಥವಾ ಡಾಂಬರು; ಸುಕ್ಕುಗಟ್ಟಿದರೆ ಆಲ್ಕಿಡ್; ಏನೂ ಆಗದಿದ್ದರೆ ಬಹುಶಃ ಎರಡು ಡಬ್ಬಿಯ ಎಪಾಕ್ಸಿ ಅಥವಾ ಪಿ.ಯು. ಮೊದಲೆರಡು ಬಗೆಯ ಮೇಲೆ ಎಪಾಕ್ಸಿ, ಪಿ.ಯು. ಹಚ್ಚುವ ಆಸೆ ಬಿಡಿ, ಇಲ್ಲವೇ ಬರಿಯ ಮೈ ಕಾಣುವವರೆಗೆ ಕೆರೆಸಿ.

ಹಿಂದೆ ಮೀನೆಣ್ಣೆ ಅಥವಾ ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸಿದ ಮರದ ದೋಣಿಗೂ ಇದೇ ಮಾತು. ಎಣ್ಣೆ ಕುಡಿದ ಮರ ಎಪಾಕ್ಸಿಯನ್ನು ಹಿಡಿಯದು. ತಿನ್ನರ್ ಹಾಕಿ ಒರೆಸಿದರೆ ಮೇಲಿನ ಎಣ್ಣೆ ಹೋಗಿ ಒಳಗಿನದು ಮರುದಿನ ಮತ್ತೆ ಮೇಲೆ ಬರುತ್ತದೆ. ಅಂಥ ದೋಣಿಗೆ ಎಣ್ಣೆ ಆಧಾರದ ಬಣ್ಣವನ್ನೇ ಮುಂದುವರಿಸುವುದು ಜಾಣತನ.

ಒರೆಸುವುದರ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ: ‘ತಿನ್ನರ್‌ನಲ್ಲಿ ಒರೆಸಿದರೆ ಎಲ್ಲ ಸ್ವಚ್ಛ’. ತಿನ್ನರ್ ಎಣ್ಣೆ, ಗ್ರೀಸ್ ತೆಗೆಯುತ್ತದೆ, ಉಪ್ಪು ತೆಗೆಯುವುದಿಲ್ಲ. ಉಪ್ಪು ಕರಗುವುದು ಸಿಹಿನೀರಿಗೆ ಮಾತ್ರ. ಬಣ್ಣದಡಿ ಉಪ್ಪು ಉಳಿದರೆ ಅದು ನೀರನ್ನು ಒಳಗೆಳೆದು ಗುಳ್ಳೆ ಎಬ್ಬಿಸುತ್ತದೆ. ಮೊದಲು ಸೋಪುನೀರು, ಆಮೇಲೆ ಸಿಹಿನೀರಿನಲ್ಲಿ ಧಾರಾಳವಾಗಿ ತೊಳೆತ, ಪೂರ್ತಿ ಒಣಗಿಸಿ ಕೊನೆಗೆ ತಿನ್ನರ್: ಒಂದು ಕೈಯಲ್ಲಿ ತಿನ್ನರ್ ಅದ್ದಿದ ಬಟ್ಟೆ, ಇನ್ನೊಂದು ಕೈಯಲ್ಲಿ ಒಣ ಬಟ್ಟೆ, ಒರೆಸಿದ್ದು ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಗ್ರೀಸು ಜಾಗ ಬದಲಿಸುತ್ತದೆ ಅಷ್ಟೇ. ತೇವದ ದಿನ ಎಪಾಕ್ಸಿಯ ಮೇಲೆ ಏಳುವ ಜಿಗುಟು ಪೊರೆಯನ್ನೂ ತಿನ್ನರ್‌ನಿಂದ ಒರೆಸಬೇಡಿ, ಹರಡಿಕೊಳ್ಳುತ್ತದೆ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಉಜ್ಜಿ ತೊಳೆದು, ಎಮರಿ ಕಾಗದ ಹೊಡೆದು ಮುಂದಿನ ಕೋಟು ಕೊಡಿ.

ತಂದ ತಿನ್ನರ್ ಸರಿಯಿದೆಯೇ

ಬಿಳಿ ಕಾಗದದ ಮೇಲೆ ಎರಡು ಹನಿ ಬಿಡಿ. ಕ್ಸೈಲೀನ್ ಬಗೆಯದು ಸ್ವಲ್ಪ ಹೊತ್ತಿನಲ್ಲಿ ಆರುತ್ತದೆ, ಟರ್ಪಂಟೈನ್ ಇನ್ನೂ ನಿಧಾನ. ಎಷ್ಟು ಹೊತ್ತಾದರೂ ಎಣ್ಣೆಯ ಉಂಗುರ ಉಳಿದರೆ ಸೀಮೆಎಣ್ಣೆ ಬೆರಕೆಯ ಅನುಮಾನ. ಆಮೇಲೆ ಗಾಜಿನ ಬಾಟಲಿಯಲ್ಲಿ ಪೇಂಟ್ ಮತ್ತು ತಿನ್ನರ್ ಸಮ ಪಾಲು ಹಾಕಿ, ಕುಲುಕಿ, ಅರ್ಧ ಗಂಟೆ ಬಿಡಿ. ಕಣವಾಗುವುದು, ಜೆಲ್ಲಿಯಾಗುವುದು, ಮೇಲೆ ಬೇರೆ ಪದರ ನಿಲ್ಲುವುದು, ಇವುಗಳಲ್ಲಿ ಯಾವುದು ಕಂಡರೂ ಅಂಗಡಿಗೆ ಹಿಂತಿರುಗಿಸಿ. ಕೊನೆಗೆ ಬಾಟಲಿಯ ಬಣ್ಣವನ್ನು ತಗಡಿನ ಮೇಲೆ ಬಳಿದು ಒಂದು ರಾತ್ರಿ ನೋಡಿ. ಪಿ.ಯು. ಆದರೆ ಇದು ತಪ್ಪಿಸಲೇಬಾರದ ಹಂತ, ಏಕೆಂದರೆ ಆಲ್ಕೊಹಾಲ್ ಬೆರೆತದ್ದು ಬಾಟಲಿಯಲ್ಲಿ ಕಾಣುವುದಿಲ್ಲ, ಮರುದಿನ ಉಗುರು ಊರಿದಾಗ ಗೊತ್ತಾಗುತ್ತದೆ. ಈ ಪರೀಕ್ಷೆಗೆ ಹಾರ್ಡನರ್ ಬೆರೆಸಿದ ಪೇಂಟೇ ಬೇಕು.

ಮುಂದಿನ ಕೋಟು ಯಾವಾಗ ಎನ್ನುವುದೂ ತಿನ್ನರಿನದೇ ವಿಷಯ. ಕೆಳಗಿನ ಕೋಟಿನ ತಿನ್ನರ್ ಹೊರಡುವ ಮೊದಲೇ ಮೇಲೆ ಮುಚ್ಚಿದರೆ ಅದು ಒಳಗೆ ಸಿಕ್ಕಿಕೊಂಡು, ಬೋಟು ನೀರಿಗಿಳಿದ ಮೇಲೆ ಗುಳ್ಳೆಯಾಗುತ್ತದೆ. ಗುಳ್ಳೆ ಒಡೆದಾಗ ತಿನ್ನರ್ ವಾಸನೆ ಬಂದರೆ ಕಾರಣ ಇದೇ. ತೀರಾ ತಡವಾದರೂ ಕಷ್ಟ: ಗಟ್ಟಿಯಾದ ಎಪಾಕ್ಸಿಯ ಮೇಲೆ ಆಂಟಿಫೌಲಿಂಗ್ ಹಿಡಿಯುವುದಿಲ್ಲ. ಎಪಾಕ್ಸಿಯ ಕೊನೆಯ ಕೋಟಿಗೆ ಹೆಬ್ಬೆರಳು ಒತ್ತಿದರೆ ಅಚ್ಚು ಮೂಡಬೇಕು, ಬಣ್ಣ ಬೆರಳಿಗೆ ಬರಬಾರದು. ಆಂಟಿಫೌಲಿಂಗ್‌ನ ಮೊದಲ ಕೋಟಿಗೆ ಅದೇ ಹೊತ್ತು.

ಬೆಂಕಿ, ಉಸಿರು, ನೀರು

ರಜೆಯ ಕಾಲದಲ್ಲಿ ಪಕ್ಕದ ಬೋಟಿನಲ್ಲಿ ವೆಲ್ಡಿಂಗ್ ನಡೆದೇ ಇರುತ್ತದೆ. ಕ್ಸೈಲೀನ್ ಆವಿಗೆ ಸುಮಾರು 27 ಡಿಗ್ರಿಯಲ್ಲೇ ಕಿಡಿ ಹತ್ತುತ್ತದೆ, ಟೊಲ್ಯೂನಿಗೆ 4ರಲ್ಲಿ, ಅಸಿಟೋನಿಗೆ ಸೊನ್ನೆಗಿಂತ 18 ಕೆಳಗೆ. ಅಂದರೆ ನಮ್ಮ ಕರಾವಳಿಯ ಹವೆಯಲ್ಲಿ ಇವೆಲ್ಲ ಸದಾ ಹತ್ತಿಕೊಳ್ಳಲು ತಯಾರಾಗಿಯೇ ಇರುತ್ತವೆ. ವೆಲ್ಡಿಂಗ್ ನಿಲ್ಲುವ ಹೊತ್ತನ್ನು ಪಕ್ಕದವರೊಡನೆ ಮೊದಲೇ ಮಾತಾಡಿಕೊಳ್ಳಿ.

ಮೂಗಿಗೆ ಕಟ್ಟುವ ಬಟ್ಟೆಯೂ ಧೂಳಿನ ಮಾಸ್ಕೂ ಆವಿ ತಡೆಯುವುದಿಲ್ಲ. ಸಾವಯವ ಆವಿಗೆಂದು ಬರೆದಿರುವ ಇದ್ದಿಲಿನ ಕಾರ್ಟ್ರಿಜ್ ಮಾಸ್ಕ್ ಬೇಕು. ಪಿ.ಯು.ವನ್ನು ಸ್ಪ್ರೇ ಮಾಡುವುದಾದರೆ ಹೊರಗಿನಿಂದ ಗಾಳಿ ಕೊಡುವ ಮುಖಗವಸು ಇಲ್ಲದೆ ಬೇಡ, ಐಸೊಸಯನೇಟ್ ಒಮ್ಮೆ ಹಿಡಿಸಿದ ಉಬ್ಬಸ ಬಿಡದು. ಅದಿಲ್ಲದಿದ್ದರೆ ರೋಲರಿನಲ್ಲೇ ಮುಗಿಸಿ, ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡೇ. ಕೈಯ ಬಣ್ಣಕ್ಕೆ ತೆಂಗಿನೆಣ್ಣೆ ಸವರಿ ಸೋಪು ಹಾಕಿ ತೊಳೆಯಿರಿ. ತಿನ್ನರ್‌ನಲ್ಲಿ ಕೈ ತೊಳೆದರೆ ಅದು ಚರ್ಮದ ಮೂಲಕ ಮೈಗಿಳಿಯುತ್ತದೆ.

ಬ್ರಶ್ ತೊಳೆದ ತಿನ್ನರನ್ನು ಅಳಿವೆಗೆ ಚೆಲ್ಲಬೇಡಿ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದಿಟ್ಟುಕೊಂಡರೆ ಮುಂದಿನ ಸಲದ ಮೊದಲ ತೊಳೆತಕ್ಕೆ ಆಗುತ್ತದೆ.